ಕವರಿನಲ್ಲಿ ಕಟ್ಟಿ ತಂದ ಕೂದಲು

ಕಳೆದ ವರ್ಷ ಒಬ್ಬ ಹುಡುಗ ಬಂದಿದ್ದ. ವಯಸ್ಸು 24. ಕುರ್ಚಿಯಲ್ಲಿ ಕೂತವನೇ ಬ್ಯಾಗಿನಿಂದ ಏಳು ಪುಟ್ಟ ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ವಾರದ ಹೆಸರು, ಪಕ್ಕದಲ್ಲಿ ಒಂದು ಸಂಖ್ಯೆ. ಸೋಮವಾರ 52. ಮಂಗಳವಾರ 47. ಭಾನುವಾರ 163. ಆ 163ರ ಕೆಳಗೆ ಎರಡು ಗೆರೆ ಎಳೆದಿದ್ದ.

"ಭಾನುವಾರ ತಲೆಸ್ನಾನ ಮಾಡಿದ್ಯೇನಪ್ಪಾ?" ಅಂದೆ.

"ಹೌದು ಡಾಕ್ಟ್ರೇ. ಅದಾದ ಮೇಲೆ ಭಯ ಆಗಿ ತಲೆಗೆ ನೀರೇ ಹಾಕಿಲ್ಲ."

ನಾನು ಕವರ್ ಬಿಚ್ಚಲಿಲ್ಲ. ಅವನಿಗೆ ಬೇಜಾರಾಯಿತು, ಮುಖದಲ್ಲೇ ಕಾಣಿಸಿತು. ಒಂದು ವಾರ ದಿಂಬು, ಬಾಚಣಿಗೆ, ಬಚ್ಚಲಿನ ಜಾಲರಿ ಎಲ್ಲ ಹುಡುಕಿ ಒಂದೊಂದೇ ಎಳೆ ಆರಿಸಿ ಎಣಿಸಿದ್ದಾನೆ. ಆ ಶ್ರಮಕ್ಕೆ ನನಗೆ ಮರುಕವೇ ಬಂತು. ಬಗ್ಗಿ ಕೂರಲು ಹೇಳಿ ಅವನ ನೆತ್ತಿಯ ಸುಳಿಯ ಹತ್ತಿರ, ಚರ್ಮ ಮತ್ತು ಕೂದಲನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟೆ.

ಇಷ್ಟು ವರ್ಷಗಳ ಪ್ರಾಕ್ಟೀಸಿನಲ್ಲಿ ಗಂಡಸರು ನನ್ನ ಮೇಜಿನ ಮೇಲೆ ಇಟ್ಟಿರುವ ಕೂದಲಿಗೆ ಲೆಕ್ಕವಿಲ್ಲ. ಕವರಿನಲ್ಲಿ, ಬೆಂಕಿಪೊಟ್ಟಣದಲ್ಲಿ, ಪೇಪರ್ ಮಡಿಕೆಯಲ್ಲಿ. ಈಗೀಗ ಫೋನಿನಲ್ಲಿ ಬಚ್ಚಲಿನ ಫೋಟೊ. ಎಲ್ಲರೂ ಉದುರಿದ ಕೂದಲನ್ನೇ ನೋಡುತ್ತಾರೆ. ಉಳಿದ ಕೂದಲನ್ನು ನೋಡುವವರು ಬಹಳ ಕಡಿಮೆ. ಸರಿಯಾದ ಔಷಧಿಯನ್ನು ತಪ್ಪು ಹೊತ್ತಿನಲ್ಲಿ ಬಿಡುವುದು, ಬೇಡದ ಔಷಧಿಗೆ ದುಡ್ಡು ಸುರಿಯುವುದು, ಬರಬೇಕಾದಾಗ ಬರದೆ ಇರುವುದು, ಇವೆಲ್ಲ ಬಹುಪಾಲು ಇಲ್ಲಿಂದಲೇ ಶುರುವಾಗುತ್ತವೆ. ಅದಕ್ಕೇ ಈ ಒಂದು ವಿಷಯವನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ.

ಮೊದಲು ಲೆಕ್ಕ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತದೆ. ಪ್ರತಿ ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ. ಆಮೇಲೆ ಬೆಳವಣಿಗೆ ನಿಂತು, ಸುಮಾರು 3 ತಿಂಗಳು ಸುಮ್ನೆ ಕೂತಿದ್ದು, ಉದುರುತ್ತದೆ. ಯಾವ ಹೊತ್ತಿನಲ್ಲಿ ನೋಡಿದರೂ ನೂರಕ್ಕೆ ಹತ್ತರಷ್ಟು ಕೂದಲು ಹೀಗೆ ವಿಶ್ರಾಂತಿಯಲ್ಲಿರುತ್ತದೆ. ಅಂದರೆ ಸುಮಾರು 10 ಸಾವಿರ. ಅದನ್ನು ಮೂರು ತಿಂಗಳಿಗೆ ಹಂಚಿ ನೋಡಿ. ದಿನಕ್ಕೆ ನೂರರ ಹತ್ತಿರ ಬರುತ್ತದೆ. ಬೋಳಾಗದ ತಲೆಯಲ್ಲೂ ಇಷ್ಟು ಉದುರುತ್ತದೆ. ನಾಲ್ಕು ದಿನ ತಲೆ ತೊಳೆಯದಿದ್ದರೆ ಆ ನಾಲ್ಕು ದಿನದ ಸಡಿಲ ಕೂದಲು ಒಂದೇ ಸಲ ಬರುತ್ತದೆ. ಹುಡುಗನ 163ರಲ್ಲಿ ಇದ್ದದ್ದು ಇಷ್ಟೇ. ಭಯಪಟ್ಟು ಸ್ನಾನ ಬಿಟ್ಟರೆ ಮುಂದಿನ ಸಲದ ಸಂಖ್ಯೆ ಇನ್ನೂ ದೊಡ್ಡದಾಗುತ್ತದೆ, ಭಯವೂ ದೊಡ್ಡದಾಗುತ್ತದೆ.

ಇನ್ನೊಂದು ಮಾತನ್ನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ. "ಡಾಕ್ಟ್ರೇ, ಬೇರು ಸಮೇತ ಬಂದುಬಿಟ್ಟಿದೆ, ನೋಡಿ." ಉದುರಿದ ಕೂದಲಿನ ತುದಿಯಲ್ಲಿ ಗುಂಡುಸೂಜಿಯ ತಲೆಗಿಂತಲೂ ಚಿಕ್ಕದಾಗಿ ಒಂದು ಬಿಳಿ ಗುಂಡು ಕಾಣುತ್ತದೆ ಅಲ್ವಾ, ಅದನ್ನು ತೋರಿಸಿ ಹೇಳುವ ಮಾತು. ಅದು ಬೇರಲ್ಲ. ವಿಶ್ರಾಂತಿ ಮುಗಿಸಿದ ಕೂದಲಿನ ಬುಡ ಒಣಗಿ ದಪ್ಪಗಾಗಿರುತ್ತದೆ, ಅಷ್ಟೇ. ಕೂದಲು ಹುಟ್ಟುವ ಗೂಡು ಚರ್ಮದೊಳಗೇ ಇರುತ್ತದೆ. ಆ ಬಿಳಿ ಗುಂಡು ಕಂಡರೆ ಕೂದಲು ತನ್ನ ಕಾಲ ಮುಗಿಸಿ ಬಿದ್ದಿದೆ ಎಂದರ್ಥ.

ಹಾಗಾದರೆ ಗಂಡಸರ ತಲೆ ಬೋಳಾಗುವುದು ಹೇಗೆ?

ಒಂದು ಹೊಲ ಅಂದುಕೊಳ್ಳಿ. ಮೊದಲ ಬೆಳೆ ಆಳೆತ್ತರ ಬರುತ್ತದೆ. ಕೊಯ್ಲಾಗುತ್ತದೆ. ಅದೇ ಜಾಗದಲ್ಲಿ ಎರಡನೇ ಬೆಳೆ ಸೊಂಟದೆತ್ತರ, ಮೂರನೆಯದು ಮೊಣಕಾಲೆತ್ತರ. ಕೊನೆಗೆ ನೆಲಕ್ಕಂಟಿದ ಹುಲ್ಲು. ಕೊಯ್ಲು ಪ್ರತಿ ಸಲವೂ ಒಂದೇ ಥರ. ಕೆಡುತ್ತಿರುವುದು ಆಮೇಲೆ ಬರುವ ಬೆಳೆ. ತಲೆಯಲ್ಲೂ ಹೀಗೇ. ದಪ್ಪ ಕೂದಲು ಉದುರಿದ ಗೂಡಿನಿಂದ ಸ್ವಲ್ಪ ಸಣ್ಣ ಕೂದಲು ಬರುತ್ತದೆ. ಅದು ಬೆಳೆಯುವ ಕಾಲವೂ ಕಡಿಮೆ. ಮುಂದಿನದು ಇನ್ನೂ ಸಣ್ಣದು. ಕೊನೆಗೆ ಕೆನ್ನೆಯ ಮೇಲಿನ ನವಿರಿನಂಥದ್ದು ಉಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಉದುರಿದ ಕೂದಲನ್ನು ಎಷ್ಟು ಎಣಿಸಿದರೂ ಇದು ಗೊತ್ತಾಗುವುದಿಲ್ಲ. ಏಕೆಂದರೆ ಕೆಟ್ಟದ್ದು ಹೋದ ಕೂದಲಲ್ಲ, ಅದರ ಜಾಗಕ್ಕೆ ಬಂದ ಕೂದಲು.

ಡರ್ಮೋಸ್ಕೋಪಿನಲ್ಲಿ ಇದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಹುಡುಗನ ತಲೆಯ ಹಿಂಭಾಗದಲ್ಲಿ, ಕುತ್ತಿಗೆಗೆ ಸ್ವಲ್ಪ ಮೇಲೆ, ಎಳೆಗಳೆಲ್ಲ ಒಂದೇ ಗಾತ್ರ. ಒಂದೊಂದು ರಂಧ್ರದಿಂದ ಎರಡು, ಮೂರು ಗಟ್ಟಿ ಕೂದಲು. ಸುಳಿಯ ಹತ್ತಿರ ಬಂದರೆ ಬೇರೆಯೇ ಚಿತ್ರ. ಒಂದು ದಪ್ಪ, ಪಕ್ಕದಲ್ಲಿ ಒಂದು ತೆಳು, ಇನ್ನೊಂದು ಜೇಡರ ನೂಲಿನಷ್ಟು. ಅವನ ಫೋನನ್ನೇ ಇಸಿದುಕೊಂಡು ಎರಡೂ ಕಡೆ ಫೋಟೊ ತೆಗೆದು ತೋರಿಸಿದೆ. ಬಹಳ ಹೊತ್ತು ನೋಡಿದ. "ಅಂದ್ರೆ ನಾನು ಎಣಿಸಿದ್ದು?" ಅಂದ. ಆ ಎಣಿಕೆ ಸರಿಯಾಗಿತ್ತು, ಅವನ ತೊಂದರೆಯೂ ನಿಜವಾಗಿತ್ತು. ಎರಡಕ್ಕೂ ಸಂಬಂಧವಿರಲಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಇರುವವರು ಇನ್ನೊಂದು ಥರ. ಅದೇ ವಾರ ಒಬ್ಬ ಮೇಷ್ಟ್ರು ಬಂದಿದ್ದರು, ನಲವತ್ತು ದಾಟಿದವರು. "ನಂಗೆ ಕೂದಲು ಉದುರೋದೇ ಇಲ್ಲ ಡಾಕ್ಟ್ರೇ. ಮನೆಯವಳ ಬಲವಂತಕ್ಕೆ ಬಂದೆ." ಅವರು ಸುಳ್ಳು ಹೇಳುತ್ತಿರಲಿಲ್ಲ. ದಿಂಬಿನ ಮೇಲೆ ಏನೂ ಕಂಡಿರಲಿಕ್ಕಿಲ್ಲ. ಆದರೆ ನೆತ್ತಿ ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಕೂದಲು ಅರ್ಧದಷ್ಟು ಕಡಿಮೆಯಾಗುವವರೆಗೂ ಕನ್ನಡಿಯಲ್ಲಿ ಅದು ಗೊತ್ತಾಗುವುದು ಕಷ್ಟ. ಅದರಲ್ಲೂ ನೆತ್ತಿ ನಮ್ಮ ಕಣ್ಣಿಗೆ ಬೀಳುವ ಜಾಗವೇ ಅಲ್ಲ. ಮೊದಲು ನೋಡುವವರು ಹಿಂದೆ ನಿಂತವರು. ಹೆಂಡತಿ ಹೇಳಿದರೆ ನಂಬಿ.

ಗೂಡು ಚಿಕ್ಕದಾಗಲು ಕಾರಣ ಡಿಎಚ್‌ಟಿ ಎಂಬ ಹಾರ್ಮೋನು ಮತ್ತು ಅದಕ್ಕೆ ಬೇಗ ಬಗ್ಗುವ ಗೂಡುಗಳನ್ನು ಕೊಟ್ಟ ವಂಶ. ತಾಯಿಯ ತಂದೆಯನ್ನು ನೋಡಿದರೆ ಸಾಕು ಎನ್ನುವ ಮಾತು ಅರ್ಧ ಮಾತ್ರ ನಿಜ, ತಂದೆಯ ಕಡೆಯಿಂದಲೂ ಬರುತ್ತದೆ. 1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ವಿಜ್ಞಾನಿ ಒಂದು ವಿಷಯ ತೋರಿಸಿದರು. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರ ತಲೆ ಬೋಳಾಗಿರಲಿಲ್ಲ. ಅವರಿಗೆ ಟೆಸ್ಟೋಸ್ಟೆರಾನ್ (ವೃಷಣದಲ್ಲಿ ತಯಾರಾಗುವ ಗಂಡಸರ ಹಾರ್ಮೋನು, ಡಿಎಚ್‌ಟಿ ಆಗುವುದು ಇದರಿಂದಲೇ) ಕೊಟ್ಟಾಗ, ವಂಶದಲ್ಲಿ ಬೋಳುತನ ಇದ್ದವರ ಕೂದಲು ಹೋಗತೊಡಗಿತು. ಹೆಲ್ಮೆಟ್ಟು, ಟೋಪಿ, ನೀರು ಬದಲಾದದ್ದು ಇದಕ್ಕೆ ಕಾರಣವಲ್ಲ. ತಲೆ ಬೋಳಿಸಿದರೆ ಕೂದಲು ದಪ್ಪಗೆ ಬರುವುದೂ ಇಲ್ಲ. ಈ ವಿಷಯ ಇಲ್ಲಿಗೆ ಬಿಡುತ್ತೇನೆ.

ಔಷಧಿಗೆ ಬರೋಣ. ಕವರಿನ ಲೆಕ್ಕ ನಿಜವಾಗಿ ಹಾಳು ಮಾಡುವುದು ಇಲ್ಲಿ.

ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿ ಬಂದದ್ದು. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬೆಳೆಯಿತು, ಅದನ್ನು ನೋಡಿ ತಲೆಗೆ ಹಚ್ಚುವ ದ್ರಾವಣ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಅನುಮತಿ ಸಿಕ್ಕಿತು. ಗಂಡಸರಿಗೆ ಸಾಮಾನ್ಯವಾಗಿ 5% ದ್ರಾವಣ, 1 ಮಿಲಿ, ದಿನಕ್ಕೆ ಎರಡು ಸಲ, ಒಣಗಿದ ತಲೆಗೆ. ಕೂದಲಿಗಲ್ಲ, ಚರ್ಮಕ್ಕೆ. ಆಮೇಲೆ ಕೈ ತೊಳೆಯಿರಿ. ಮನೆಯಲ್ಲಿ ಬೆಕ್ಕಿದ್ದರೆ ತುಂಬಾ ಹುಷಾರು. ಬೆಕ್ಕಿಗೆ ಇದು ಸ್ವಲ್ಪವೇ ತಾಗಿದರೂ ಪ್ರಾಣಕ್ಕೆ ಅಪಾಯ.

ಹಚ್ಚಲು ಶುರು ಮಾಡಿ ಎರಡು ವಾರದಿಂದ ಎರಡು ತಿಂಗಳೊಳಗೆ ಅನೇಕರಿಗೆ ಕೂದಲು ಮೊದಲಿಗಿಂತ ಜಾಸ್ತಿ ಉದುರುತ್ತದೆ. ಇದನ್ನು ಮೊದಲ ದಿನವೇ ಹೇಳುತ್ತೇನೆ, ಚೀಟಿಯಲ್ಲಿ ಬರೆದುಕೊಡುತ್ತೇನೆ, ಬಾಗಿಲವರೆಗೆ ಹೋದವರನ್ನು ಕರೆದು ಮತ್ತೆ ಹೇಳುತ್ತೇನೆ. ಆದರೂ ಆರನೇ ವಾರಕ್ಕೆ ಫೋನ್ ಬರುತ್ತದೆ. "ನಿಮ್ಮ ಔಷಧಿಯಿಂದ ಇದ್ದದ್ದೂ ಹೋಯ್ತು ಡಾಕ್ಟ್ರೇ, ನಿಲ್ಲಿಸಿಬಿಟ್ಟೆ." ಆಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಏಕೆಂದರೆ ಸುಮ್ನೆ ಕೂತಿದ್ದ ಗೂಡುಗಳನ್ನು ಮಿನಾಕ್ಸಿಡಿಲ್ ಬೇಗ ಎಬ್ಬಿಸುತ್ತದೆ. ಕೆಳಗಿನಿಂದ ಹೊಸ ಕೂದಲು ಹೊರಟಾಗ ಮೇಲೆ ಕೂತಿದ್ದ ಹಳೇ ಕೂದಲು ಬೀಳುತ್ತದೆ. ಹಾಲುಹಲ್ಲು ಬೀಳುವುದಿಲ್ಲವೇ, ಹಾಗೆ. ಮಗುವಿನ ಹಲ್ಲು ಬಿತ್ತೆಂದು ಯಾರೂ ಹೆದರುವುದಿಲ್ಲ, ಹಿಂದೆ ಇನ್ನೊಂದು ಬರುತ್ತಿದೆ ಎಂದು ಗೊತ್ತು. ಇಲ್ಲಿ ಬರುತ್ತಿರುವುದು ಇನ್ನೂ ಚರ್ಮದೊಳಗಿದೆ. ಕೂದಲು ಬೆಳೆಯುವುದೇ ತಿಂಗಳಿಗೆ 1 ಸೆಂಟಿಮೀಟರ್. ಕಾಣುವಷ್ಟಾಗಲು ನಾಲ್ಕು ತಿಂಗಳಾದರೂ ಬೇಕು. ಕೆಲಸ ಮಾಡಿತೋ ಇಲ್ಲವೋ ಎಂದು ತೀರ್ಮಾನಿಸಲು ನಾನು ಒಂದು ವರ್ಷ ಕೇಳುತ್ತೇನೆ. ಎಲ್ಲರಿಗೂ ಕೆಲಸ ಮಾಡುತ್ತದೆ ಎಂದು ಹೇಳುವುದಿಲ್ಲ, ಕೆಲವರಿಗೆ ಮಾಡುವುದಿಲ್ಲ. ಆದರೆ ಆರನೇ ವಾರದ ತೀರ್ಪು ಯಾವತ್ತೂ ಸರಿಯಾದ ತೀರ್ಪಲ್ಲ.

ಇನ್ನೊಂದು ಕಡೆ ಹತ್ತನೇ ತಿಂಗಳಲ್ಲಿ ನಿಲ್ಲಿಸುವವರಿದ್ದಾರೆ. "ಈಗ ಉದುರೋದು ನಿಂತಿದೆ, ಸಾಕು." ವಂಶದಿಂದ ಬಂದದ್ದು ಔಷಧಿಯಿಂದ ಹೋಗುವುದಿಲ್ಲ. ಔಷಧಿ ಹಿಡಿದು ನಿಲ್ಲಿಸಿರುತ್ತದೆ, ಅಷ್ಟೇ. ಬಿಟ್ಟ ಮೂರು ನಾಲ್ಕು ತಿಂಗಳಲ್ಲಿ ಗಳಿಸಿದ್ದು ಹೋಗುತ್ತದೆ. ಕನ್ನಡಕ ತೆಗೆದಿಟ್ಟರೆ ಕಣ್ಣು ಮೊದಲಿನ ಹಾಗೆಯೇ ಕಾಣುತ್ತದೆ ಅಲ್ವಾ, ಹಾಗೆ.

ಫಿನಾಸ್ಟರೈಡ್ ಮಾತ್ರೆಯ ಕತೆ ಬೇರೆ. ಡೊಮಿನಿಕನ್ ರಿಪಬ್ಲಿಕ್‌ನ ಕೆಲವು ಕುಟುಂಬಗಳಲ್ಲಿ ಟೆಸ್ಟೋಸ್ಟೆರಾನನ್ನು ಡಿಎಚ್‌ಟಿಯಾಗಿ ಬದಲಿಸುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇದ್ದದ್ದನ್ನು 1974ರಲ್ಲಿ ವೈದ್ಯರು ವರದಿ ಮಾಡಿದರು. ಅಲ್ಲಿನ ಆ ಗಂಡಸರಿಗೆ ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರುವ ಗ್ರಂಥಿ) ಚಿಕ್ಕದಾಗಿತ್ತು, ತಲೆ ಬೋಳಾಗುತ್ತಿರಲಿಲ್ಲ. ಆ ಕಿಣ್ವವನ್ನೇ ತಡೆಯುವ ಮಾತ್ರೆ ಪ್ರಾಸ್ಟೇಟಿಗಾಗಿ 1992ರಲ್ಲಿ, ಕೂದಲಿಗಾಗಿ 1 ಮಿಲಿಗ್ರಾಂ ಪ್ರಮಾಣದಲ್ಲಿ 1997ರಲ್ಲಿ ಬಂತು. ಗೂಡು ಚಿಕ್ಕದಾಗುವುದನ್ನೇ ತಡೆಯುವುದರಿಂದ ಬಹಳ ಜನರಿಗೆ ಇದು ಒಳ್ಳೆಯ ಔಷಧಿ. ಆದರೆ ಗೆಳೆಯನ ಚೀಟಿ ನೋಡಿ ತಗೊಳ್ಳುವ ಮಾತ್ರೆ ಇದಲ್ಲ. ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗಬಹುದು, ನಿಮಿರುವಿಕೆಗೆ ತೊಂದರೆಯಾಗಬಹುದು, ಮನಸ್ಸು ಕುಗ್ಗಬಹುದು. ಸಾಮಾನ್ಯವಾಗಿ ಬಿಟ್ಟರೆ ಸರಿಹೋಗುತ್ತದೆ, ಬಿಟ್ಟ ಮೇಲೂ ಉಳಿದಿದೆ ಎಂದವರಿದ್ದಾರೆ. ಹಿಂದೆ ಖಿನ್ನತೆ ಇದ್ದರೆ, ಮಗುವಿಗಾಗಿ ಪ್ರಯತ್ನಿಸುತ್ತಿದ್ದರೆ ಮೊದಲೇ ಹೇಳಿ. ಗರ್ಭಿಣಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಬಾರದು. ತಗೊಳ್ಳುವಷ್ಟು ದಿನ ರಕ್ತದಾನ ಬೇಡ. ಪ್ರಾಸ್ಟೇಟಿನ ತೊಂದರೆ ಪತ್ತೆಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿಯನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಹಾಗಾಗಿ ಪರೀಕ್ಷೆ ಮಾಡುವ ವೈದ್ಯರಿಗೂ ವಿಷಯ ಗೊತ್ತಿರಬೇಕು.

ಕೂದಲಿಗೆಂದು ಮಾರುವ ಬಯೋಟಿನ್ ಎಂಬ ವಿಟಮಿನ್ ಬಗ್ಗೆ ಎರಡೇ ಮಾತು. ಅದರ ಕೊರತೆ ಅಪರೂಪ. ಕೊರತೆ ಇಲ್ಲದವನಿಗೆ ಬೋಳುತನಕ್ಕೆ ಅದರಿಂದ ಲಾಭವಿಲ್ಲ, ಜಾಸ್ತಿ ಪ್ರಮಾಣದಲ್ಲಿ ತಗೊಂಡರೆ ಥೈರಾಯ್ಡ್ ಮತ್ತು ಹೃದಯದ ಕೆಲವು ರಕ್ತಪರೀಕ್ಷೆಗಳ ಫಲಿತಾಂಶ ತಪ್ಪಾಗಿ ಬರಬಹುದು.

ಕೂದಲಿನ ಕಸಿ ಮಾಡಿಸಿಕೊಂಡವರಿಗೂ ಇದೇ ಕವರಿನ ಭಯ. ತಲೆಯ ಹಿಂಭಾಗದ ಕೂದಲನ್ನು ಮುಂದೆ ನೆಟ್ಟರೂ ಅದು ತನ್ನ ಹಳೇ ಗುಣ ಬಿಡುವುದಿಲ್ಲ ಎಂದು ಅಮೆರಿಕದ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಪ್ರಕಟಿಸಿದರು, ಕಸಿ ನಿಂತಿರುವುದು ಅದರ ಮೇಲೆ. ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಉದುರುತ್ತದೆ. ಗೂಡು ಒಳಗಿರುತ್ತದೆ, ಮೂರು ನಾಲ್ಕು ತಿಂಗಳಿಗೆ ಮತ್ತೆ ಹೊರಡುತ್ತದೆ. ನನಗೆ ಹೆಚ್ಚು ಚಿಂತೆ 22 ವರ್ಷಕ್ಕೇ ಕಸಿಗೆ ಓಡುವವರದ್ದು. ನೆಟ್ಟದ್ದು ಉಳಿಯುತ್ತದೆ, ಅದರ ಹಿಂದಿದ್ದ ಸ್ವಂತ ಕೂದಲು ಔಷಧಿಯಿಲ್ಲದೆ ಸಣ್ಣಗಾಗುತ್ತಾ ಹೋಗುತ್ತದೆ. ಹತ್ತು ವರ್ಷದ ಮೇಲೆ ಮುಂದೆ ಒಂದು ಪಟ್ಟಿ, ಹಿಂದೆ ಬಯಲು. ಅಂಥವರನ್ನು ನೋಡಿದ್ದೇನೆ, ಅವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಉದುರುವುದನ್ನು ಲೆಕ್ಕಕ್ಕೇ ಇಡಬೇಡಿ ಎಂದು ನಾನು ಹೇಳುತ್ತಿಲ್ಲ. ತಲೆ ತುಂಬ ಎಲ್ಲ ಕಡೆಯಿಂದ ಹಿಡಿ ಹಿಡಿ ಬರುತ್ತಿದ್ದರೆ ಕ್ಯಾಲೆಂಡರ್ ತೆಗೆದು ಎರಡು ಮೂರು ತಿಂಗಳು ಹಿಂದಕ್ಕೆ ಹೋಗಿ. ಜೋರು ಜ್ವರ, ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ದೊಡ್ಡ ದುಃಖ, ಯಾವುದಾದರೂ ಸಿಗುತ್ತದೆ. ಇದು ಹೆಚ್ಚಾಗಿ ಆರು ತಿಂಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ನಾಣ್ಯದಂತೆ ದುಂಡಗೆ ಒಂದು ಕಡೆ ಖಾಲಿಯಾಗಿದ್ದರೆ ಅದು ಬೇರೆ ಕಾಯಿಲೆ, ಬೇರೆ ಚಿಕಿತ್ಸೆ. ನೋವು, ಉರಿ, ಕೀವು, ಚರ್ಮ ನಯವಾಗಿ ಕಲೆಗಟ್ಟಿದ ಹಾಗೆ ಕಂಡರೆ ಒಂದು ವಾರವೂ ಕಾಯಬೇಡಿ. ಅಲ್ಲಿ ಗೂಡೇ ಸಾಯುತ್ತಿರುತ್ತದೆ, ಸತ್ತ ಗೂಡು ಮತ್ತೆ ಹುಟ್ಟುವುದಿಲ್ಲ.

ಆ ಹುಡುಗನಿಗೆ ಮಿನಾಕ್ಸಿಡಿಲ್ ಜೊತೆಗೆ ನಾನು ಕೊಟ್ಟ ಕೆಲಸ ಇಷ್ಟೇ. ಒಂದೇ ಕಿಟಕಿ, ಬೆಳಗಿನ ಬೆಳಕು, ಒಣಗಿದ ತಲೆ, ಒಂದೇ ಉದ್ದದ ಕೂದಲು. ಮೂರು ತಿಂಗಳಿಗೊಮ್ಮೆ ನಾಲ್ಕು ಫೋಟೊ: ಹಣೆ, ಎರಡು ಮೂಲೆ, ಸುಳಿ. ಮಧ್ಯದಲ್ಲಿ ಎಣಿಸುವಂತಿಲ್ಲ. ಆರನೇ ವಾರಕ್ಕೆ ಅವನೂ ಫೋನ್ ಮಾಡಿದ, ಗಂಟಲು ಕಟ್ಟಿತ್ತು. ಆದರೆ ಹಚ್ಚುವುದನ್ನು ನಿಲ್ಲಿಸಿರಲಿಲ್ಲ.

ಒಂಬತ್ತನೇ ತಿಂಗಳು ಬಂದಾಗ ಫೋನ್ ಮುಂದಿಟ್ಟ. "ಏನೂ ಬದಲಾಗಿಲ್ಲ ಡಾಕ್ಟ್ರೇ, ಹಾಗೇ ಇದೆ" ಅಂದ ಸಪ್ಪೆ ದನಿಯಲ್ಲಿ. ಮೊದಲ ದಿನದ ಸುಳಿಯ ಫೋಟೊ ಪಕ್ಕಕ್ಕೆ ಇಟ್ಟು ನೋಡಿದೆ. ಹೌದು, ಹಾಗೇ ಇತ್ತು. ಡರ್ಮೋಸ್ಕೋಪಿನಲ್ಲಿ ಜೇಡರ ನೂಲಿನಂಥ ಎಳೆಗಳು ಕಡಿಮೆಯಾಗಿದ್ದವು. 24ರ ಕೂದಲು 25ರಲ್ಲೂ ಹಾಗೇ ಇರಲಿ ಎಂದೇ ಅಲ್ವೇನಪ್ಪಾ ನಾವು ಶುರು ಮಾಡಿದ್ದು ಅಂದೆ. ಎರಡೂ ಫೋಟೊಗಳನ್ನು ಬೆರಳಿನಿಂದ ದೊಡ್ಡದು ಮಾಡಿ ಮತ್ತೆ ಮತ್ತೆ ನೋಡುತ್ತಾ ಕೂತ. ಹೊರಗೆ ಮುಂದಿನ ಪೇಷೆಂಟ್ ಕಾಯುತ್ತಿದ್ದರು. ನಾನು ಅವಸರ ಮಾಡಲಿಲ್ಲ.