ಪ್ರೀ-ಕ್ಲಿನಿಕಲ್: ಮಂಚದ ಹತ್ತಿರ ಹೋಗುವ ಮುಂಚಿನ ಓದು

ಮನೆಯಲ್ಲಿ ಒಬ್ಬರು ಎಂಬಿಬಿಎಸ್ ಸೇರಿದರೆ ಮೊದಲ ವರ್ಷವೆಲ್ಲ ಈ ಪದ ಕಿವಿಗೆ ಬೀಳುತ್ತದೆ. 'ಈಗ ಏನು ಹೇಳಿಕೊಡ್ತಿದ್ದಾರೆ ಮಗಳೇ?' ಅಂತ ಅಜ್ಜಿ ಕೇಳಿದರೆ, 'ಇನ್ನೂ ಪ್ರೀ-ಕ್ಲಿನಿಕಲ್ ಅಜ್ಜಿ, ಪೇಷೆಂಟ್ ನೋಡೋದೆಲ್ಲ ಆಮೇಲೆ' ಎಂಬ ಉತ್ತರ. ನಿಜವಾದ ಡಾಕ್ಟರ್ ಓದು ಇನ್ನೂ ಶುರುವಾಗಿಲ್ಲ ಅಂತ ಅಜ್ಜಿ ತಿಳಿದುಕೊಳ್ಳುತ್ತಾರೆ. ಎಷ್ಟೋ ಸಲ ಓದುವ ಮಕ್ಕಳೂ ಹಾಗೇ ತಿಳಿದಿರುತ್ತಾರೆ. ನನಗೆ ಬೇಸರವಾಗುವುದು ಅಲ್ಲೇ.

ಪದದ ಬೇರು ಗ್ರೀಕ್‌ನಲ್ಲಿದೆ. 'ಕ್ಲೀನೆ' ಅಂದರೆ ಮಂಚ. ರೋಗಿಯ ಮಂಚದ ಪಕ್ಕ ನಿಂತು ಕಲಿಯುವುದು ಕ್ಲಿನಿಕಲ್. ಅದಕ್ಕೂ ಮುಂಚಿನದು ಪ್ರೀ-ಕ್ಲಿನಿಕಲ್. ನಮ್ಮಲ್ಲಿ ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಷಿಪ್. ಮೊದಲ ಹಂತದಲ್ಲಿ ಮೂರು ವಿಷಯ: ದೇಹದ ರಚನೆ ಹೇಳುವ ಅನಾಟಮಿ, ದೇಹ ಹೇಗೆ ಕೆಲಸ ಮಾಡುತ್ತದೆ ಎನ್ನುವ ಫಿಸಿಯಾಲಜಿ, ಒಳಗಿನ ರಸಾಯನ ಹೇಳುವ ಬಯೋಕೆಮಿಸ್ಟ್ರಿ. ಮುಂದಿನ ಹಂತದಲ್ಲಿ ರೋಗ ದೇಹವನ್ನು ಹೇಗೆ ಕೆಡಿಸುತ್ತದೆ ಎನ್ನುವ ಪೆಥಾಲಜಿ, ರೋಗಾಣುಗಳ ಮೈಕ್ರೋಬಯಾಲಜಿ, ಔಷಧಿಗಳ ಫಾರ್ಮಕಾಲಜಿ; ಇವಕ್ಕೆ ಪ್ಯಾರಾ-ಕ್ಲಿನಿಕಲ್ ಎನ್ನುವ ರೂಢಿ. ಇವೆಲ್ಲ ಸೇರಿದ್ದೇ ವೈದ್ಯಕೀಯದ ಮೂಲ ವಿಜ್ಞಾನ.

ಮುಂಚೆ ವಿಜ್ಞಾನ, ಆಮೇಲೆ ವಾರ್ಡ್ ಎಂಬ ಈ ಏರ್ಪಾಡು ಗಟ್ಟಿಯಾಗಿ ನೆಲೆ ನಿಂತದ್ದು ಅಮೆರಿಕದಲ್ಲಿ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ಶಿಕ್ಷಣ ತಜ್ಞರು ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ನೋಡಿ ವರದಿ ಬರೆದರು. ಆಗ ಎಷ್ಟೋ ಶಾಲೆಗಳು ಫೀಸಿಗಾಗಿ ನಡೆಯುತ್ತಿದ್ದವು. ಲ್ಯಾಬ್ ಅನ್ನುವುದು ಹೆಸರಿಗಷ್ಟೇ. ಎರಡು ವರ್ಷ ಲ್ಯಾಬಿನ ವಿಜ್ಞಾನ, ಎರಡು ವರ್ಷ ಆಸ್ಪತ್ರೆ ಎಂಬ ಮಾದರಿಯನ್ನು ಅವರು ಎತ್ತಿ ಹಿಡಿದರು. ಅದರಿಂದ ಒಳ್ಳೆಯದೇ ಆಯಿತು. ಆದರೆ ಎರಡರ ನಡುವೆ ಒಂದು ಗೋಡೆಯೂ ಎದ್ದಿತು. ಗೋಡೆಯ ಈಚೆಗೆ ಓದಿದ್ದನ್ನು ಪರೀಕ್ಷೆ ಮುಗಿದ ಮೇಲೆ ಈಚೆಗೇ ಬಿಟ್ಟು ಹೋಗುವ ಅಭ್ಯಾಸ ಬೆಳೆಯಿತು.

ಬಿಟ್ಟು ಹೋದರೆ ಏನಾಗುತ್ತದೆ? ಹೀಗೆ ಅಂದುಕೊಳ್ಳಿ. ಬೈಕಿನಿಂದ ಬಿದ್ದ ಹುಡುಗನೊಬ್ಬ ರಾತ್ರಿ ಆಸ್ಪತ್ರೆಗೆ ಬರುತ್ತಾನೆ. 'ಡಾಕ್ಟ್ರೇ, ಎಡ ಭುಜ ನೋಯ್ತಿದೆ' ಅನ್ನುತ್ತಾನೆ. ಭುಜದ ಮೇಲೆ ಒಂದು ತರಚು ಗಾಯವೂ ಇಲ್ಲ. ಕೈ ಎತ್ತಿ ಇಳಿಸಿದರೂ ನೋವು ಜಾಸ್ತಿಯಾಗುವುದಿಲ್ಲ. ಎಕ್ಸ್‌ರೇ ಸರಿಯಾಗಿದೆ. ನೋವಿನ ಮಾತ್ರೆ ಕೊಟ್ಟು ಮನೆಗೆ ಕಳಿಸಬಹುದು, ಅಲ್ವಾ?

ಕಳಿಸಬಾರದು. ಹ್ಯಾಂಡಲ್ ಎಡಪಕ್ಕೆಗೆ ಗುದ್ದಿ ಒಳಗಿನ ಗುಲ್ಮ, ಅಂದರೆ ಸ್ಪ್ಲೀನ್, ಒಡೆದಿರಬಹುದು. ಅಲ್ಲಿಂದ ಸೋರಿದ ರಕ್ತ ಮೇಲಿನ ವಪೆಗೆ ತಾಗುತ್ತದೆ. ವಪೆ ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು. ಹುಡುಗನನ್ನು ಮಲಗಿಸಿ ಕಾಲು ಮೇಲೆತ್ತಿದರೆ ರಕ್ತ ವಪೆಯ ಕಡೆಗೆ ಹರಿದು ಭುಜದ ನೋವು ಹೆಚ್ಚಬಹುದು. ಹೊಟ್ಟೆಯಲ್ಲಿ ರಕ್ತ, ಭುಜದಲ್ಲಿ ನೋವು! ಇದಕ್ಕೆ ಉತ್ತರ ಇರುವುದು ಫಸ್ಟ್ ಇಯರ್ ಅನಾಟಮಿಯಲ್ಲಿ. ತಾಯಿಯ ಹೊಟ್ಟೆಯಲ್ಲಿ ಭ್ರೂಣ ಬೆಳೆಯುವಾಗ ವಪೆ ಹುಟ್ಟುವುದು ಕತ್ತಿನ ಮಟ್ಟದಲ್ಲಿ. ಆಮೇಲೆ ಅದು ಕೆಳಗಿಳಿಯುತ್ತದೆ. ಇಳಿಯುವಾಗ ತನ್ನ ನರವನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಹಾಗಾಗಿ ವಪೆಯ ನೋವಿನ ಸುದ್ದಿ ಬೆನ್ನುಹುರಿಯನ್ನು ಸೇರುವುದು ಕತ್ತಿನ 3, 4, 5ನೇ ನರಗಳ ಮಟ್ಟದಲ್ಲಿ. ಭುಜದ ಚರ್ಮದ ಸುದ್ದಿಯೂ ಬರುವುದು ಅದೇ ಜಾಗಕ್ಕೆ. ಎಲ್ಲಿಂದ ಬಂತು ಅಂತ ಮಿದುಳಿಗೆ ಗೊತ್ತಾಗದೆ ಭುಜ ಅಂದುಬಿಡುತ್ತದೆ.

ಕತ್ತಿನ ಈ ನರಗಳನ್ನು 'ಸಿ ತ್ರೀ, ಫೋರ್, ಫೈವ್' ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಬಾಯಿಪಾಠ ಮಾಡಿದ್ದು ಆ ರಾತ್ರಿ ನೆನಪಿಗೆ ಬರಬೇಕಾದರೆ ಅದರ ಹಿಂದಿನ ಕಾರಣ ಗೊತ್ತಿರಬೇಕು.

ಅನುಭವಿ ಡಾಕ್ಟರುಗಳು ಪ್ರತಿ ರೋಗಿಯ ಮುಂದೆ ಇದನ್ನೆಲ್ಲ ಹೀಗೆ ಬಿಡಿಸಿ ಯೋಚಿಸುವುದಿಲ್ಲ, ನಿಜ. ನೋಡಿದ ತಕ್ಷಣ ಹೇಳಿಬಿಡುತ್ತಾರೆ. ಹಾಗಾದರೆ ಆ ವಿಜ್ಞಾನ ಎಲ್ಲಿ ಹೋಯಿತು? ನೆದರ್‌ಲೆಂಡ್ಸ್‌ನ ಸಂಶೋಧಕರು ಇದನ್ನು ಎನ್‌ಕ್ಯಾಪ್ಸುಲೇಷನ್ ಎಂದು ವಿವರಿಸಿದರು. ಬಿಡಿ ಬಿಡಿಯಾಗಿ ಕಲಿತದ್ದು ಅನುಭವ ಬೆಳೆದಂತೆ ಒಂದೊಂದು ಗಂಟಾಗಿ ಕೂರುತ್ತದೆ. ದಿನನಿತ್ಯ ಗಂಟನ್ನೇ ಎತ್ತಿ ಬಳಸುತ್ತೇವೆ. ಕೇಸು ವಿಚಿತ್ರವಾಗಿದ್ದಾಗ ಗಂಟು ಬಿಚ್ಚಬೇಕಾಗುತ್ತದೆ. ಒಳಗೆ ಏನೂ ಇಲ್ಲದಿದ್ದರೆ ಬಿಚ್ಚಿ ಏನು ಪ್ರಯೋಜನ? ಕೆನಡಾದಲ್ಲಿ ನಡೆದ ಪ್ರಯೋಗವೊಂದರಲ್ಲಿ ಕೆಲವು ವಿದ್ಯಾರ್ಥಿಗಳಿಗೆ ರೋಗಲಕ್ಷಣದ ಪಟ್ಟಿ ಮಾತ್ರ ಕೊಟ್ಟರು, ಕೆಲವರಿಗೆ ಕಾರಣವನ್ನೂ ಹೇಳಿಕೊಟ್ಟರು. ಅವತ್ತೇ ಪರೀಕ್ಷಿಸಿದಾಗ ಎರಡೂ ಗುಂಪು ಸಮ. ಒಂದು ವಾರ ಕಳೆದ ಮೇಲೆ ಕಾರಣ ಗೊತ್ತಿದ್ದವರೇ ರೋಗವನ್ನು ಹೆಚ್ಚು ಸರಿಯಾಗಿ ಗುರುತಿಸಿದರು.

ಇನ್ನೊಂದು ಉದಾಹರಣೆ ನಿಮ್ಮ ಮನೆಯ ಔಷಧಿ ಡಬ್ಬಿಯಲ್ಲೇ ಇರಬಹುದು: ಓಆರ್‌ಎಸ್ ಪೊಟ್ಟಣ. ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಇನ್ನೆರಡು ಲವಣ. ಭೇದಿ ಆದವರಿಗೆ ಸಕ್ಕರೆ ಯಾಕೆ? ಸುಮ್ನೆ ರುಚಿಗಲ್ಲ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿಯೇ ಒಳಗೆ ಹೋಗುವ ಒಂದು ದಾರಿಯಿದೆ. ಅವುಗಳ ಹಿಂದೆ ನೀರೂ ಹೋಗುತ್ತದೆ. ಕಾಲರಾ ಬಂದಾಗಲೂ ಆ ದಾರಿ ತೆರೆದೇ ಇರುತ್ತದೆ. ಈ ಜೋಡಿಯನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಮುಂದಿಟ್ಟಾಗ ಅದು ಬರೀ ಮೂಲ ವಿಜ್ಞಾನ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಖಾಲಿಯಾಗುತ್ತಾ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸ್ ನೀರನ್ನು ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡ 30ರ ಆಸುಪಾಸಿದ್ದ ಸಾವು ಶೇಕಡ 4ಕ್ಕಿಂತ ಕೆಳಗಿಳಿಯಿತು.

ನಮ್ಮ ದೇಶದಲ್ಲಿ ಮೊದಲ ಹಂತ ಹಿಂದೆ 18 ತಿಂಗಳಿತ್ತು. 1997ರ ನಿಯಮದಲ್ಲಿ 12 ತಿಂಗಳಾಯಿತು. 2019ರ ಹೊಸ ಪಠ್ಯಕ್ರಮ ಮೊದಲ ವರ್ಷದಲ್ಲೇ ಮಕ್ಕಳನ್ನು ರೋಗಿಗಳ ಬಳಿ ಕರೆದೊಯ್ಯಬೇಕು ಎನ್ನುತ್ತದೆ. ನನಗೆ ಇದು ತುಂಬಾ ಹಿಡಿಸಿದ ಬದಲಾವಣೆ. ಹಿಮೋಗ್ಲೋಬಿನ್ ಪಾಠ ಆದ ವಾರವೇ, ರಕ್ತಹೀನತೆಯಿಂದ ಬಿಳಿಚಿಕೊಂಡ ಒಬ್ಬ ತಾಯಿಯ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದ ಹುಡುಗಿಗೆ ಆ ಪಾಠ ಬೇರೆಯೇ ಆಗಿ ಕಾಣುತ್ತದೆ. ಆದರೆ ವಾರ್ಡ್ ಮೊದಲೇ ಬಂತು ಅಂತ ಪಾಠವನ್ನು ತೆಳ್ಳಗೆ ಮಾಡಬಾರದು. ಪಾಠ ಮಾಡುವವರು ಮೂರನೇ ವರ್ಷದ ವಾರ್ಡಿಗೂ ಬರಬೇಕು. ಭುಜ ಹಿಡಿದುಕೊಂಡು ಕೂತ ರೋಗಿಯ ಪಕ್ಕ ನಿಂತು, 'ವಪೆ ಹುಟ್ಟಿದ್ದೆಲ್ಲಿ, ಹೇಳಮ್ಮಾ' ಅಂತ ಕೇಳಬೇಕು.