‘ಎಷ್ಟ್ ಮಂದಿ ಹೇಳ್ಯಾರ?’

ಹುಬ್ಬಳ್ಳಿಯ ಸಣ್ಣ ಕಂಪನಿಗಳಿಗೆ ಸಾಫ್ಟ್‌ವೇರ್ ಟೆಸ್ಟ್ ಮಾಡಿಕೊಡುವುದು ನನ್ನ ಕೆಲಸ. ಬೀಟಾದಲ್ಲಿ, ಅಂದರೆ ಬಿಡುಗಡೆಗೆ ಮೊದಲು ಕೆಲವರಿಗೆ ಬಳಸಲು ಕೊಟ್ಟು ನೋಡುವಾಗ, ಬಂದ ದೂರನ್ನು ಮುಂದಿಟ್ಟರೆ ಮಾಲೀಕರು ಮೊದಲು ಕೇಳುವುದು ಒಂದೇ ಮಾತು: ‘ಎಷ್ಟ್ ಮಂದಿ ಹೇಳ್ಯಾರ?’ ಒಬ್ಬರು ಅಂದರೆ ಮುಗಿಯಿತು. ‘ಆಮ್ಯಾಲೆ ನೋಡೂಣ ಬಿಡ್ರಿ.’

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಿಗೆ ಒಂದು ಲೆಕ್ಕದ ಆ್ಯಪ್ ತಯಾರಾಗಿತ್ತು. ಹನ್ನೆರಡು ಅಂಗಡಿಗೆ ಬೀಟಾ ಕೊಟ್ಟಿದ್ದೆವು. ಹನ್ನೊಂದು ಕಡೆಯಿಂದ ಸುದ್ದಿಯೇ ಇಲ್ಲ. ಒಬ್ಬ ಹಿರಿಯ ಗುಮಾಸ್ತರು ಮಾತ್ರ ಫೋನ್ ಮಾಡಿದರು: ‘ಸರ, ನೆಟ್ ಹೋದಾಗ ಒಂದ ಲಾಟ್ ಎರಡ ಸಲ ಬೀಳಾಕತ್ತೈತ್ರಿ. ರೈತರ ಪಟ್ಟಿ ತಪ್ಪತೈತ್ರಿ.’ ಲಾಟ್ ಅಂದರೆ ಮಾರಾಟಕ್ಕಿಟ್ಟ ಮಾಲಿನ ಒಂದು ರಾಶಿ; ಪಟ್ಟಿ ಅಂದರೆ ರೈತರ ಕೈಗೆ ಕೊಡುವ ಲೆಕ್ಕದ ಚೀಟಿ.

ಮಾಲೀಕರು ಎಂದಿನಂತೆ ತಲೆ ಎಣಿಸಿದರು. ಆ್ಯಪ್ ಹಾಗೇ ಹೊರಗೆ ಹೋಯಿತು. ವ್ಯಾಪಾರಿಗಳು ಮಾಲಿಗೆ ದರ ಹಾಕುವ ಟೆಂಡರ್ ದಿನ ಮಾರುಕಟ್ಟೆ ಯಾರ್ಡಿನಲ್ಲಿ ನೆಟ್‌ವರ್ಕ್ ಬಿದ್ದಾಗ ಅಂಗಡಿ ಅಂಗಡಿಯಲ್ಲೂ ಲಾಟ್ ಎರಡೆರಡಾದವು. ನಾನು ಹೋಗಿ ಆ ಹನ್ನೊಂದು ಅಂಗಡಿಯಲ್ಲೂ ಕೇಳಿದೆ. ಏಳು ಕಡೆ ಇದು ಬೀಟಾದಲ್ಲೇ ಆಗಿತ್ತು. ಆ್ಯಪ್ ಮುಚ್ಚಿ ಖಾತೆ ಪುಸ್ತಕ ತೆಗೆದಿದ್ದರು, ಅಷ್ಟೇ. ಗದ್ದಲದಲ್ಲಿ ದೂರು ಬರೆಯಲು ಯಾರಿಗೆ ಪುರುಸೊತ್ತು? ಅವರ ಮೇಲೆ ನನಗೆ ಸಿಟ್ಟಿಲ್ಲ.

ಇದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ. ದೂರು ಕೊಡುವುದೂ ಒಂದು ಕೆಲಸ, ಅದೂ ಪುಕ್ಕಟೆ ಕೆಲಸ. ತೊಂದರೆಯಾದ ಹೆಚ್ಚಿನವರು ಸುಮ್ನೆ ಎದ್ದು ಹೋಗುತ್ತಾರೆ. ಹನ್ನೆರಡರಲ್ಲಿ ಒಬ್ಬರೇ ಅಂತ ಲೆಕ್ಕ ಹಿಡಿದರೂ ಸಾವಿರ ಅಂಗಡಿಗೆ ಎಂಬತ್ತರ ಮೇಲಾಯಿತು. ಇಷ್ಟು ಸಣ್ಣ ಗುಂಪಿನಿಂದ ನಿಖರ ಲೆಕ್ಕ ಹೇಳಲಾಗದು, ಒಪ್ಪುತ್ತೇನೆ. ಆದರೆ ‘ಒಬ್ಬರೇ’ ಅಂದರೆ ಸಣ್ಣದು ಅಂತಲ್ಲ.

ದೊಡ್ಡವರೂ ಇಲ್ಲೇ ಎಡವಿದ್ದಾರೆ. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಅಪ್‌ಡೇಟ್ ಹಾಕಿಕೊಂಡ ಕೆಲವರ ಫೈಲುಗಳೇ ಅಳಿಸಿ ಹೋದವು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಬಿಡುಗಡೆಗೆ ಮೊದಲೇ ಬೀಟಾ ಬಳಸುತ್ತಿದ್ದ ಕೆಲವರು ಈ ದೂರು ಕೊಟ್ಟಿದ್ದರು. ಅದಕ್ಕೆ ‘ನಮಗೂ ಹೀಗೇ ಆಗಿದೆ’ ಅನ್ನುವ ಬೇರೆಯವರ ವೋಟು ಜಾಸ್ತಿ ಬಿದ್ದಿರಲಿಲ್ಲ, ಹಾಗಾಗಿ ರಾಶಿಯಲ್ಲಿ ಮುಚ್ಚಿಹೋಯಿತು. ಆಮೇಲೆ, ದೂರು ಕೊಡುವವರೇ ಅದು ಎಷ್ಟು ಗಂಭೀರ ಅಂತ ಗುರುತು ಹಾಕುವ ಅವಕಾಶ ಕೊಟ್ಟರು.

ಬಟನ್ ಬಣ್ಣ ಇಷ್ಟವಿಲ್ಲ ಅನ್ನುವ ದೂರಿಗೆ ತಲೆ ಎಣಿಸಿ, ತಪ್ಪಿಲ್ಲ. ದುಡ್ಡು, ದಾಖಲೆ ಹೋಗುವ ದೂರಿಗೆ ಬೇರೆ ಪ್ರಶ್ನೆ ಬೇಕು. ಏನು ಹೋಗುತ್ತದೆ? ಹೋದದ್ದು ವಾಪಸ್ ಬರುತ್ತದಾ? ಬರದು ಅಂದರೆ ಒಬ್ಬರು ಹೇಳಿದರೂ ಬಿಡುಗಡೆ ನಿಲ್ಲಿಸಿ. ಹೇಳಿದವರಿಗೆ ಅದೇ ದಿನ ಫೋನ್ ಮಾಡಿ, ಸಾಧ್ಯವಾದರೆ ಅವರ ಪಕ್ಕ ಕೂತು ನೋಡಿ.

ಆ ಗುಮಾಸ್ತರ ಪಕ್ಕ ನಾನು ಕೂತದ್ದು ತಡವಾಗಿ. ಖಾತೆ ಪುಸ್ತಕದ ಕೊನೆಯ ಹಾಳೆಯಲ್ಲಿ, ಯಾವ ಲಾಟ್ ಎಷ್ಟು ಗಂಟೆಗೆ ಎರಡು ಸಲ ಬಿತ್ತು ಅಂತ ಅವರು ಒಂದೊಂದಾಗಿ ಬರೆದಿಟ್ಟಿದ್ದರು. ತೋರಿಸಿ ಅಂತ ನಾವ್ಯಾರೂ ಅವರನ್ನು ಕೇಳಿರಲಿಲ್ಲ.