ಹೆಂಡತಿ ಗೇಮ್ ಆಡಿದವಳಲ್ಲ, ಇಬ್ಬರೂ ಸೇರಿ ಏನು ಆಡೋಣ?

ಪ್ರಶ್ನೆ: ನಾನು ಬಳ್ಳಾರಿಯವನು. ಕಾಲೇಜಿನಿಂದಲೂ ಗೇಮ್ ಆಡುತ್ತಿದ್ದೇನೆ. ಮನೆಯಲ್ಲಿ ಪ್ಲೇಸ್ಟೇಷನ್ 5 ಇದೆ. ಹೋದ ವರ್ಷ ಮದುವೆ ಆಯ್ತು. ಹೆಂಡತಿ ಫೋನಿನಲ್ಲಿ ಕ್ಯಾಂಡಿ ಕ್ರಷ್ ಬಿಟ್ಟರೆ ಬೇರೇನೂ ಆಡಿಲ್ಲ. ಈಗ 'ನನಗೂ ಕಲಿಸಿ' ಅಂತ ಅವಳೇ ಕೇಳುತ್ತಿದ್ದಾಳೆ. ಎಲ್ಲರೂ 'ಇಟ್ ಟೇಕ್ಸ್ ಟು' ಆಡಿ ಅಂತಾರೆ. ಅದರಿಂದಲೇ ಶುರು ಮಾಡಬಹುದಾ?

ಉತ್ತರ: ಬೇಡ. ಮುಂದೆ ಖಂಡಿತ ಆಡಿ, ಮೊದಲ ಗೇಮ್ ಮಾತ್ರ ಅದಾಗುವುದು ಬೇಡ.

ನನಗೆ ಜಾಸ್ತಿ ಬರುವ ಪ್ರಶ್ನೆಯೇ ಇದು. ಕೇಳುವವರು ಹೆಚ್ಚಾಗಿ ಗಂಡಂದಿರು. ನಮ್ಮ ಮನೆಯಲ್ಲಿ ಇದು ಉಲ್ಟಾ. ಗೇಮ್ ಹುಚ್ಚು ನನಗೆ. ನಮ್ಮ ಯಜಮಾನರು ಗಂಗಾವತಿಯ ರೈಸ್ ಮಿಲ್ಲೊಂದರ ಲೆಕ್ಕ ಬರೆಯುವವರು, ಕಂಟ್ರೋಲರ್ ಮುಟ್ಟಿದವರೇ ಅಲ್ಲ. ಹಾಗಾಗಿ ಮುಂದೆ ನಾನು ಹೇಳುವುದನ್ನು ಗಂಡ, ಹೆಂಡತಿ ಯಾರ ಕಡೆಯಿಂದ ಬೇಕಾದರೂ ಓದಿಕೊಳ್ಳಿ.

ಇಟ್ ಟೇಕ್ಸ್ ಟು ಒಳ್ಳೆಯ ಗೇಮ್, ಅದರಲ್ಲಿ ತಕರಾರಿಲ್ಲ. ಸ್ವೀಡನ್ನಿನ ಹೇಜ್‌ಲೈಟ್ ಸ್ಟುಡಿಯೋ 2021ರಲ್ಲಿ ತಂದದ್ದು. ಆ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಅಂತ ಪ್ರಶಸ್ತಿಯೂ ಬಂತು. ಒಬ್ಬರೇ ಕೂತು ಅದನ್ನು ಆಡಲು ಆಗುವುದೇ ಇಲ್ಲ, ಇಬ್ಬರು ಬೇಕೇ ಬೇಕು. ಬೇರೆಯಾಗಲು ಹೊರಟ ಗಂಡ ಹೆಂಡತಿ ಗೊಂಬೆಗಳಾಗಿಬಿಡುವ ಕಥೆ: ಗಂಡ ಕೋಡಿ ಮಣ್ಣಿನ ಗೊಂಬೆ, ಹೆಂಡತಿ ಮೇ ನಮ್ಮ ಕಿನ್ನಾಳದವರು ನೋಡಿದರೆ ಮೆಚ್ಚುವಂಥ ಮರದ ಗೊಂಬೆ. ದಂಪತಿ ಕಥೆ ಅಲ್ವಾ, ದಂಪತಿಗೆ ಸರಿಹೋಗುತ್ತೆ ಅಂತ ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಗೇಮ್ ಆಡದವರಿಗೆ ಅಡ್ಡ ಬರುವುದು ಕಥೆಯಲ್ಲ, ಬಲಗೈ ಹೆಬ್ಬೆರಳು.

ಕಂಟ್ರೋಲರಿನಲ್ಲಿ ಎರಡು ಸ್ಟಿಕ್ ಇರುತ್ತವೆ. ಎಡಗಡೆಯದು ಪಾತ್ರವನ್ನು ನಡೆಸುತ್ತದೆ, ಬಲಗಡೆಯದು ಕ್ಯಾಮೆರಾವನ್ನು ತಿರುಗಿಸುತ್ತದೆ. ನಮಗೆ ಇದು ಉಸಿರಾಟದಷ್ಟೇ ಸಲೀಸು, ಯಾವಾಗ ಕಲಿತೆವು ಅನ್ನೋದೂ ನೆನಪಿಲ್ಲ. ಹೊಸಬರ ಕೈಗೆ ಕೊಟ್ಟು ಸುಮ್ನೆ ನೋಡಿ. ಎರಡು ಹೆಜ್ಜೆ ನಡೆಯುತ್ತಾರೆ, ನಿಲ್ಲುತ್ತಾರೆ. ಕ್ಯಾಮೆರಾ ತಿರುಗಿಸುತ್ತಾರೆ, ಅದು ಆಕಾಶಕ್ಕೆ ಹೋಗುತ್ತದೆ. ಇಳಿಸಿದರೆ ಪಾದ ಕಾಣುತ್ತದೆ. ಮತ್ತೆ ಎರಡು ಹೆಜ್ಜೆ, ಗೋಡೆಗೆ ಮುಖ. ಅಷ್ಟರಲ್ಲಿ ನೀವು 'ಸ್ಕ್ವೇರ್ ಒತ್ತು' ಅಂದರೆ ಅವರು ಟಿವಿ ಬಿಟ್ಟು ಕೈಯಲ್ಲಿರುವ ಕಂಟ್ರೋಲರ್ ನೋಡುತ್ತಾರೆ. ಎಲ್3 ಒತ್ತು ಅಂದರಂತೂ ಮುಗಿಯಿತು, ಆ ಹೆಸರಿನ ಬಟನ್ನು ಕಣ್ಣಿಗೆ ಬೀಳುವುದೇ ಇಲ್ಲ. ಸ್ಟಿಕ್ಕನ್ನೇ ಕೆಳಗೆ ಅದುಮಬೇಕು ಅಂತ ಯಾರಿಗೆ ಹೊಳೆಯುತ್ತೆ ಹೇಳಿ? ನಡೆಯುತ್ತಲೇ ಕ್ಯಾಮೆರಾ ತಿರುಗಿಸುವುದು ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿಕೊಂಡು ರಿವರ್ಸ್ ತೆಗೆದ ಹಾಗೆ. ಬಂದವರಿಗೆ ಬರುತ್ತದೆ, ಬಾರದವರಿಗೆ ಬಾಯಿಮಾತಿನಲ್ಲಿ ಹೇಳಿಕೊಡಲು ಆಗುವುದಿಲ್ಲ.

ಇಟ್ ಟೇಕ್ಸ್ ಟು ಮೊದಲ ಅರ್ಧ ಗಂಟೆಯಲ್ಲೇ ಎರಡೂ ಸ್ಟಿಕ್ ಕೇಳುತ್ತದೆ. ಅದರ ಮೇಲೆ ಓಡು, ಹಾರು, ಗಾಳಿಯಲ್ಲೇ ಇನ್ನೊಂದು ಸಲ ಹಾರು. ಸತ್ತರೆ ಶಿಕ್ಷೆ ಏನೂ ಇಲ್ಲ, ಬಟನ್ ಒತ್ತುತ್ತಿದ್ದರೆ ಮತ್ತೆ ಎದ್ದು ಬರುತ್ತೀರಿ. ಆದರೆ ಒಬ್ಬರು ದಾಟಿ ಆಚೆ ನಿಂತು ಕಾಯುವುದು, ಇನ್ನೊಬ್ಬರು ಅದೇ ಗುಂಡಿಗೆ ಮತ್ತೆ ಮತ್ತೆ ಬೀಳುವುದು, ಇದು ಆಟಕ್ಕಿಂತ ಪರೀಕ್ಷೆ ಅನಿಸಲು ಶುರುವಾಗುತ್ತದೆ. ಅತ್ತೆ ಮಾವ ಅದೇ ಹಾಲ್‌ನಲ್ಲಿ ಕೂತಿದ್ದರೆ ಇನ್ನೂ ಮುಜುಗರ.

ಆದ್ದರಿಂದ ಗೇಮ್ ಆರಿಸುವಾಗ ಬಣ್ಣ, ಕಥೆ, ಹೊಡೆದಾಟ ಇದೆಯಾ ಇಲ್ವಾ ಅನ್ನೋದೆಲ್ಲ ಆಮೇಲೆ. ಕ್ಯಾಮೆರಾ ತಾನೇ ನೋಡಿಕೊಳ್ಳುತ್ತದೆಯಾ ಅಂತ ಮೊದಲು ನೋಡಿ. ಬಿದ್ದರೆ ಎಷ್ಟು ಹಿಂದಕ್ಕೆ ಹೋಗಬೇಕು ಅಂತ ನೋಡಿ. ಕೈ ಓಡದವರಿಗೂ ಅವರದೇ ಆದ ಒಂದು ಕೆಲಸ ಇದೆಯಾ ಅಂತಲೂ ನೋಡಿ.

ಈ ಲೆಕ್ಕದಲ್ಲಿ ನಿಮ್ಮ ಪಿಎಸ್5ಗೆ ನನ್ನ ಮೊದಲ ಆಯ್ಕೆ 'ಅನ್‌ರಾವೆಲ್ ಟು'. 2018ರದ್ದು, ಇದೂ ಸ್ವೀಡನ್ನಿನದೇ, ಕೋಲ್ಡ್‌ವುಡ್ ಅನ್ನುವವರು ಮಾಡಿದ್ದು. ಉಣ್ಣೆ ದಾರದಿಂದ ಸುತ್ತಿದ ಎರಡು ಪುಟ್ಟ ಜೀವಿಗಳು, ಇಬ್ಬರ ಮಧ್ಯೆ ಒಂದೇ ದಾರ. ಗೇಮ್ ಪೂರ್ತಿ ಪಕ್ಕದಿಂದ ಕಾಣುತ್ತದೆ, ಹಾಗಾಗಿ ಬಲಗಡೆ ಸ್ಟಿಕ್ಕಿನ ಗೊಡವೆ ಇಲ್ಲ. ಮಾತೂ ಹೆಚ್ಚುಕಡಿಮೆ ಇಲ್ಲ, ಇಂಗ್ಲಿಷ್ ಓದುವ ಗೋಜೂ ಇಲ್ಲ. ಒಬ್ಬರು ಮೇಲೆ ಹತ್ತಿ ದಾರ ಹಿಡಿದು ನಿಂತರೆ ಇನ್ನೊಬ್ಬರು ಅದನ್ನೇ ಹಿಡಿದು ಜೋಲಿ ಹೊಡೆದು ಆಚೆ ಹೋಗಬಹುದು, ಇಲ್ಲವೇ ಹತ್ತಿ ಬರಬಹುದು. ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಇನ್ನೊಂದು: ಜಾಗ ಕಷ್ಟ ಅನಿಸಿದರೆ ಒಂದು ಬಟನ್ ಒತ್ತಿ ಇಬ್ಬರೂ ಒಂದೇ ಜೀವಿ ಆಗಿಬಿಡಬಹುದು. ಬರುವವರು ಬಾರದವರನ್ನು ಹೊತ್ತುಕೊಂಡು ದಾಟಿಸುತ್ತಾರೆ, ಆಚೆ ಹೋಗಿ ಮತ್ತೆ ಬಿಡಿಸಿಕೊಳ್ಳುತ್ತಾರೆ. ಕಂಟ್ರೋಲರ್ ಕಿತ್ತುಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ಕಿತ್ತುಕೊಳ್ಳುವುದು ಅಂದೆ ಅಲ್ವಾ, ಅದರ ಬಗ್ಗೆ ಒಂದು ಮಾತು. 'ಕೊಡು ಇಲ್ಲಿ, ನಾನು ದಾಟಿಸ್ತೀನಿ' ಅನ್ನಬೇಡಿ. ಅವರೇ ಕೊಟ್ಟರೆ ತಗೊಳ್ಳಿ. ಅವರು ತಪ್ಪು ದಾರಿಯಲ್ಲಿ ಹೋಗುತ್ತಿದ್ದರೆ ಹೋಗಲಿ, ನೀವೂ ಹಿಂದೆ ಹೋಗಿ. ಹೊಸಬರು ಗೇಮಿನಲ್ಲಿ ಮಾಡುವ ಮೊದಲ ಕೆಲಸ ಬೇಲಿ ಹಾರಲು ನೋಡುವುದು, ಕುರ್ಚಿ ತಳ್ಳಲು ನೋಡುವುದು. ನಮಗೆ ಅದು ಆಗಲ್ಲ ಅಂತ ಗೊತ್ತು, ಅವರಿಗೆ ಗೊತ್ತಿಲ್ಲ. ಆ ತಮಾಷೆ ಅವರಿಗೆ ಇರಲಿ ಬಿಡಿ.

ನಿಮ್ಮ ಪಿಎಸ್5ರಲ್ಲಿ 'ಆಸ್ಟ್ರೋಸ್ ಪ್ಲೇರೂಮ್' ಅಂತ ಒಂದು ಗೇಮ್ ಪುಕ್ಕಟೆ ಬಂದಿರುತ್ತದೆ. ಅದು ಒಬ್ಬರೇ ಆಡುವಂಥದ್ದು. ನೀವು ಮನೆಯಲ್ಲಿ ಇಲ್ಲದಾಗ ಅವರು ಅದನ್ನು ಆಡಲಿ. ಬಿದ್ದರೆ ಹತ್ತಿರದಲ್ಲೇ ಮತ್ತೆ ಶುರುವಾಗುತ್ತದೆ, ಕ್ಯಾಮೆರಾ ತಿರುಗಿಸದೆಯೂ ಬಹುಪಾಲು ಹೋಗಬಹುದು. ಯಾರೂ ನೋಡದೆ ಇರುವಾಗ ಕೈ ಬೇಗ ಪಳಗುತ್ತದೆ. ನಮ್ಮ ಯಜಮಾನರು ಕಲಿತದ್ದೂ ಹಾಗೇ, ಮೇ ತಿಂಗಳ ಮಧ್ಯಾಹ್ನ, ಹೊರಗೆ ಕಾಲಿಡಲಾಗದ ಬಿಸಿಲಲ್ಲಿ, ನಾನು ಒಳಗೆ ಮಲಗಿದ್ದಾಗ.

ಇನ್ನು 'ಓವರ್‌ಕುಕ್ಡ್'. ಅಡುಗೆಮನೆ ಗೇಮ್. ಇಡೀ ಅಡುಗೆಮನೆ ಒಂದೇ ಪರದೆಯಲ್ಲಿ ಮೇಲಿನಿಂದ ಕಾಣುತ್ತದೆ, ಒಂದು ಸ್ಟಿಕ್ಕು, ಎರಡು ಮೂರು ಬಟನ್ನು, ಅಷ್ಟೇ. ಈರುಳ್ಳಿ ಹೆಚ್ಚು, ಪಾತ್ರೆಗೆ ಹಾಕು, ತಟ್ಟೆಗೆ ಬಡಿಸು, ತಟ್ಟೆ ತೊಳೆ. ಕಲಿಯಲು ಐದು ನಿಮಿಷ ಸಾಕು. ಆದರೆ ಗಡಿಯಾರ ಓಡುತ್ತಿರುತ್ತದೆ, ಆರ್ಡರ್ ಮೇಲೆ ಆರ್ಡರ್ ಬರುತ್ತಿರುತ್ತದೆ, ಒಲೆ ಮೇಲೆ ಇಟ್ಟದ್ದು ಹೊತ್ತಿ ಉರಿಯುತ್ತದೆ. ಗೇಮ್ ಬರುವವರು ಆಗ ಮೇಸ್ತ್ರಿ ಆಗಿಬಿಡುತ್ತಾರೆ: 'ತಟ್ಟೆ ತಾ, ತಟ್ಟೆ ತಾ ಅಂದ್ನಲ್ಲ!' ದಿನವಿಡೀ ನಿಜವಾದ ಒಲೆ ಮುಂದೆ ನಿಂತು ರೊಟ್ಟಿ ತಟ್ಟಿದವರಿಗೆ ರಾತ್ರಿ ಇದನ್ನು ಕೇಳಬೇಕಾ? ಆಡುವುದಿದ್ದರೆ 'ಆಲ್ ಯು ಕ್ಯಾನ್ ಈಟ್' ಅನ್ನುವ ಆವೃತ್ತಿ ತಗೊಳ್ಳಿ. ಅದರಲ್ಲಿ ಸಮಯ ಹೆಚ್ಚು ಕೊಡುವ ಅಸಿಸ್ಟ್ ಮೋಡ್ ಇದೆ. ತಟ್ಟೆ ತೊಳೆಯುವ ಕೆಲಸ ಗಂಡನೇ ಇಟ್ಟುಕೊಳ್ಳಲಿ.

ಈಗ ನನ್ನ ಮೆಚ್ಚಿನದು. 'ಕೀಪ್ ಟಾಕಿಂಗ್ ಆ್ಯಂಡ್ ನೋಬಡಿ ಎಕ್ಸ್‌ಪ್ಲೋಡ್ಸ್', 2015ರದ್ದು. ಹೆಸರು ಉದ್ದ, ಆಟ ಸರಳ. ಒಬ್ಬರ ಪರದೆಯಲ್ಲಿ ಬಾಂಬ್ ಇರುತ್ತದೆ. ಇನ್ನೊಬ್ಬರ ಕೈಯಲ್ಲಿ ಅದನ್ನು ನಿಷ್ಕ್ರಿಯ ಮಾಡುವ ಪುಸ್ತಕ. ಬಾಂಬ್ ನೋಡುವವರು ಪುಸ್ತಕ ನೋಡುವಂತಿಲ್ಲ, ಪುಸ್ತಕದವರು ಬಾಂಬ್ ನೋಡುವಂತಿಲ್ಲ. ಮಾತಿನಲ್ಲೇ ಎಲ್ಲ ಆಗಬೇಕು. ಪುಸ್ತಕ 23 ಪುಟ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಪಿನ್ ಹೊಡೆಸಿಕೊಳ್ಳಿ. ಗೇಮ್ ಫೋನಿನಲ್ಲೂ ಸಿಗುತ್ತದೆ, ಎರಡನೇ ಕಂಟ್ರೋಲರೇ ಬೇಡ.

ಮೊದಲ ಬಾಂಬಿಗೆ ಐದು ನಿಮಿಷ. ವೈರ್ ಇದ್ದರೆ ಪುಸ್ತಕದವರು ಕೇಳುತ್ತಾರೆ: ಎಷ್ಟು ವೈರ್? ಮೂರು. ಕೆಂಪು ಇದೆಯಾ? ಇಲ್ಲ. ಹಾಗಾದರೆ ಎರಡನೆಯದನ್ನು ಕತ್ತರಿಸು. ಕೆಂಪು ಇದ್ದರೆ ಇನ್ನೊಂದು ನಿಯಮ: ಕೊನೆಯದು ಬಿಳಿಯಾ? ಹೌದಾದರೆ ಅದನ್ನೇ ಕತ್ತರಿಸು. ಇಲ್ಲಿಯವರೆಗೆ ಸಲೀಸು. ಆಮೇಲೆ ಚಿತ್ರವಿಚಿತ್ರ ಗುರುತುಗಳಿರುವ ನಾಲ್ಕು ಬಟನ್ನು ಬರುತ್ತವೆ. ಅವಕ್ಕೆ ಹೆಸರಿಲ್ಲ, ನೀವೇ ಇಡಬೇಕು. ಗ್ರೀಕರ ಒಂದು ಅಕ್ಷರ ನಮ್ಮ ಮನೆಯಲ್ಲಿ 'ತ್ರಿಶೂಲ' ಆಯ್ತು. ತಲೆಕೆಳಗಾದ ಪ್ರಶ್ನೆ ಗುರುತು 'ಬಾವಲಿ' ಆಯ್ತು. 'ನಕ್ಷತ್ರ' ಅಂದರೆ ಸಾಲದು, ಒಳಗೆ ತುಂಬಿದೆಯೋ ಖಾಲಿಯೋ ಹೇಳಬೇಕು, ಎರಡೂ ಇವೆ. ಇವತ್ತಿಗೂ ಯಜಮಾನರದೇ ಪುಸ್ತಕ. ಇಡೀ ದಿನ ಬಿಲ್ಲು, ಲಾಟ್ ನಂಬರ್ ನೋಡುವ ಕಣ್ಣು, ಪುಟ ತಿರುವಿ ಸಾಲು ಹಿಡಿಯುವುದರಲ್ಲಿ ನಾನು ಅವರ ಹತ್ತಿರವೂ ಬರಲಾರೆ. ಇಂಗ್ಲಿಷ್ ಪುಸ್ತಕ ಅನ್ನೋದು ಒಂದೇ ತೊಡಕು, ಆದರೆ ವಾಕ್ಯಗಳು ಚಿಕ್ಕವು. ಜಗಳ ಬೇಕಾದರೆ ಕನ್ನಡದಲ್ಲೇ ಆಡಬಹುದು.

ನಿಮ್ಮವರಿಗೆ ಅವಸರವೇ ಇಷ್ಟ ಇಲ್ಲ ಅಂದರೆ 'ಸ್ಟಾರ್‌ಡ್ಯೂ ವ್ಯಾಲಿ'. ಹೊಲ ಮಾಡುವ ಗೇಮ್. ಒಬ್ಬನೇ ಮನುಷ್ಯ, ಎರಿಕ್ ಬರೋನ್, ಮಾಡಿ 2016ರಲ್ಲಿ ಬಿಟ್ಟದ್ದು. ಒಂದೇ ಟಿವಿಯಲ್ಲಿ ಇಬ್ಬರು ಆಡುವ ಸೌಲಭ್ಯ ಆಮೇಲೆ ಬಂತು. ಬಿತ್ತು, ನೀರು ಹಾಕು, ಕೊಯ್ಯಿ, ಮಾರು. ನಮ್ಮ ಕಡೆಯವರು ಇದರಲ್ಲಿ ಮೊದಲು ನಗುವುದು ಭತ್ತಕ್ಕೆ. ಗೇಮಿನಲ್ಲಿ ಎಂಟೇ ದಿನಕ್ಕೆ ಭತ್ತ ಬರುತ್ತದೆ. ನೀರಿನ ಪಕ್ಕ ನಾಟಿ ಮಾಡಿದರೆ ಆರೇ ದಿನ, ನೀರು ಹಾಯಿಸುವುದೂ ಬೇಡ. ಮೇಲಿನವರು ನೀರು ಹಿಡಿದುಬಿಟ್ಟರು, ಕೊನೆಯ ಹೊಲಕ್ಕೆ ಬರಲಿಲ್ಲ ಅನ್ನುವ ತಂಟೆಯೇ ಇಲ್ಲ. ಸಿಂಧನೂರಿನ ನಮ್ಮ ಭಾವ ಅದನ್ನು ನೋಡಿ 'ಈ ಬೀಜ ಎಲ್ಲಿ ಸಿಗುತ್ತೆ ಕೇಳು' ಅಂದರು.

ಎರಡು ಎಚ್ಚರಿಕೆ. ಮೀನು ಹಿಡಿಯುವುದು ಹೊಸಬರಿಗೆ ಕಷ್ಟ, ಅದನ್ನು ನೀವು ಇಟ್ಟುಕೊಳ್ಳಿ. ಇನ್ನೊಂದು, ಈ ಗೇಮ್ ಸೇವ್ ಆಗುವುದು ಗೇಮಿನೊಳಗೆ ರಾತ್ರಿ ಮಲಗಿದಾಗ ಮಾತ್ರ. ಗೇಮಿನ ಒಂದು ದಿನ ಅಂದರೆ ನಮ್ಮ ಸುಮಾರು 14 ನಿಮಿಷ. ಸಂಜೆ ಕರೆಂಟ್ ಹೋದರೆ ಆ ದಿನದ ದುಡಿಮೆ ಅಷ್ಟೂ ಹೋಯ್ತು. ಬೇಸಿಗೆಯಲ್ಲಿ ಆಡುವವರು ಟಿವಿ, ಕನ್ಸೋಲ್ ಎರಡನ್ನೂ ಯುಪಿಎಸ್‌ಗೆ ಹಾಕಿಕೊಳ್ಳಿ.

ಕೆಲವರಿಗೆ ಕಂಟ್ರೋಲರ್ ಹಿಡಿಯುವ ಆಸೆಯೇ ಇರುವುದಿಲ್ಲ, ಪಕ್ಕದಲ್ಲಿ ಕೂತು 'ಅವನನ್ನು ನಂಬಬೇಡ' ಅನ್ನುವ ಆಸೆ ಇರುತ್ತದೆ. ಅದೂ ಜೊತೆಗೆ ಆಡಿದಂತೆಯೇ. ಅಂಥವರಿಗೆ 2022ರ 'ಆ್ಯಸ್ ಡಸ್ಕ್ ಫಾಲ್ಸ್' ನೋಡಿ. ಅದರಲ್ಲಿ ಫೋನೇ ಕಂಟ್ರೋಲರ್, ಮುಂದೆ ಏನಾಗಬೇಕು ಅಂತ ಇಬ್ಬರೂ ಫೋನಿನಲ್ಲಿ ವೋಟ್ ಹಾಕುತ್ತಾ ಹೋಗಬಹುದು. ಕಥೆ ಸ್ವಲ್ಪ ಗಂಭೀರ, ಮಕ್ಕಳ ಮುಂದೆ ಬೇಡ.

ದುಡ್ಡಿನ ವಿಷಯ. ಕಂಪ್ಯೂಟರಿನಲ್ಲಿ ಸ್ಟೀಮ್‌ನಿಂದ ತಗೊಂಡರೆ, 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಹಿಡಿಸುತ್ತಾ ಇಲ್ವಾ ಅಂತ ತಿಳಿಯಲು ಅಷ್ಟು ಸಮಯ ಸಾಕು. ಪ್ಲೇಸ್ಟೇಷನ್ ಸ್ಟೋರಿನಲ್ಲಿ ಹಾಗಿಲ್ಲ, ಡೌನ್‌ಲೋಡ್ ಶುರುವಾಯ್ತು ಅಂದರೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಅನ್‌ರಾವೆಲ್ ಟು, ಇಟ್ ಟೇಕ್ಸ್ ಟು ಎರಡನ್ನೂ ಹೊರತಂದದ್ದು ಇಎ ಕಂಪನಿ. ಅವರ ಇಎ ಪ್ಲೇ ಚಂದಾದಲ್ಲಿ ಎರಡೂ ಸಿಗುತ್ತವೆ, ಒಂದು ತಿಂಗಳಿಗೆ ಹಾಕಿ ನೋಡಿ. ಎರಡನೇ ಕಂಟ್ರೋಲರ್ ಮಾತ್ರ ಬೇಕೇ ಬೇಕು, ಪಿಎಸ್5 ಜೊತೆ ಬರುವುದು ಒಂದೇ.

ಅನ್‌ರಾವೆಲ್ ಮುಗಿಸಿ, ಆಸ್ಟ್ರೋದಲ್ಲಿ ಅವರ ಬಲಗೈ ಹೆಬ್ಬೆರಳು ತಾನಾಗಿ ಆಡತೊಡಗಿತು ಅಂದಾಗ ಇಟ್ ಟೇಕ್ಸ್ ಟು ಹಾಕಿ. ನಡುವೆ ಒಂದು ಆಟಿಕೆ ಆನೆಯ ಭಾಗ ಬರುತ್ತದೆ, ಮನಸ್ಸು ಕಲಕುತ್ತದೆ, ಮೊದಲೇ ಹೇಳಿಬಿಡಿ. ನಿಮ್ಮಂತೆ ಒಂದೇ ಮನೆಯಲ್ಲಿ ಇಲ್ಲದವರೂ ಬಹಳ ಜನ ಇದನ್ನು ಕೇಳುತ್ತಾರೆ: ಒಬ್ಬರು ಬೆಂಗಳೂರಿನಲ್ಲಿ ಕೆಲಸ, ಇನ್ನೊಬ್ಬರು ಕೊಪ್ಪಳದಲ್ಲೋ ರಾಯಚೂರಿನಲ್ಲೋ. ಅವರಿಗೂ ದಾರಿ ಇದೆ. ಒಬ್ಬರು ಗೇಮ್ ಕೊಂಡರೆ ಸಾಕು, ಇನ್ನೊಬ್ಬರು ಫ್ರೆಂಡ್ಸ್ ಪಾಸ್ ಅನ್ನುವುದನ್ನು ಪುಕ್ಕಟೆ ಇಳಿಸಿಕೊಂಡು ಆನ್‌ಲೈನಿನಲ್ಲಿ ಜೊತೆ ಸೇರಬಹುದು. ಅದೇ ಸ್ಟುಡಿಯೋದ 2025ರ 'ಸ್ಪ್ಲಿಟ್ ಫಿಕ್ಷನ್' ಆದರೆ ಒಬ್ಬರದು ಕಂಪ್ಯೂಟರ್, ಇನ್ನೊಬ್ಬರದು ಪ್ಲೇಸ್ಟೇಷನ್ ಆಗಿದ್ದರೂ ನಡೆಯುತ್ತದೆ. ಡೌನ್‌ಲೋಡ್ ದೊಡ್ಡದು, ಹಿಂದಿನ ರಾತ್ರಿಯೇ ಹಾಕಿಟ್ಟುಕೊಳ್ಳಿ.